ಮಲಗುವ ಸೀಟು

ಡ್ಯಾಲಸ್ ಪಕ್ಕದ ನಮ್ಮೂರು ಇರ್ವಿಂಗಿನ ಇಂಡಿಯನ್ ಹೋಟೆಲುಗಳಿಗೆ ಗೆಳೆಯರ ಜೊತೆ ಊಟಕ್ಕೆ ಹೋದಾಗಲೆಲ್ಲ, ಬಿಲ್ ಬಂದ ತಕ್ಷಣ ನನ್ನ ಗಂಡ ಎಲ್ಲರಿಗಿಂತ ಮೊದಲು ಕೈ ಚಾಚುತ್ತಿದ್ದರು.

"ನಾನು ಕಾರ್ಡ್ ಹಾಕ್ತೀನಿ. ನೀವೆಲ್ಲ ನಂಗೆ ಕ್ಯಾಶ್ ಕೊಟ್ಬಿಡಿ."

ಮೊದಲ ಮಾತಿಗೆ ಅರಳಿದ ಮುಖಗಳು ಎರಡನೆಯದಕ್ಕೆ ಇಳಿಯುವುದನ್ನು ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು. ಸೋಂಪಿನ ಬಟ್ಟಲು ಎಳೆದುಕೊಂಡು ತಲೆ ತಗ್ಗಿಸಿ ಕೂರುತ್ತಿದ್ದೆ.

ಇಷ್ಟಕ್ಕೆಲ್ಲ ಕಾರಣ ಅಮ್ಮನ ಬೆನ್ನು. ನಾನು ಬಸುರಿ, ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ಬರಬೇಕು. ಅವಳದೋ ಡಿಸ್ಕ್ ಜಾರಿದ ಬೆನ್ನು. ಹೆಚ್ಚು ಹೊತ್ತು ಕೂತರೆ ಆಮೇಲೆ ಏಳುವುದೇ ಕಷ್ಟ. ಮಲಗಿಕೊಂಡು ಹೋಗುವುದಾದರೆ ಹೋಗಲಿ ಎಂದಿದ್ದರು ಡಾಕ್ಟರು. ವಿಮಾನದಲ್ಲಿ ಮಲಗುವ ಸೀಟು ಕೊಳ್ಳುವ ತಾಕತ್ತು ನಮಗಿರಲಿಲ್ಲ. ಹೊಸ ಕ್ರೆಡಿಟ್ ಕಾರ್ಡ್ ತೆಗೆದು, ಮೊದಲ ಕೆಲವು ತಿಂಗಳು ಬ್ಯಾಂಕಿನವರು ಹೇಳಿದಷ್ಟು ಖರ್ಚು ಮಾಡಿದರೆ ರಾಶಿ ಪಾಯಿಂಟ್ಸ್ ಕೊಡುತ್ತಾರೆ, ಅದರಲ್ಲಿ ಟಿಕೆಟ್ ಬರುತ್ತದೆ ಎಂದು ಆಫೀಸಿನಲ್ಲಿ ಯಾರೋ ಇವರ ತಲೆಗೆ ತುಂಬಿದ್ದರು. ನಮ್ಮಿಬ್ಬರ ಖರ್ಚು ಅಷ್ಟಕ್ಕೆ ಎಲ್ಲಿ ಸಾಲಬೇಕು? ಹಾಗಾಗಿ ಊರವರ ಖರ್ಚೆಲ್ಲ ನಮ್ಮ ಕಾರ್ಡಿನ ಮೇಲೆ.

ಶನಿವಾರ ಭಾನುವಾರಗಳು ನಮ್ಮ ಕೈಬಿಟ್ಟವು. ಇರ್ವಿಂಗಿನಿಂದ ಆಸ್ಟಿನ್‌ಗೆ ಮೂರು ಗಂಟೆ ಡ್ರೈವ್ ಮಾಡಿ, ಅಲ್ಲಿ ಓದುತ್ತಿದ್ದ ಇವರ ಚಿಕ್ಕಪ್ಪನ ಮಗಳಿಗೂ ಅವಳ ರೂಮ್‌ಮೇಟ್‌ಗಳಿಗೂ ದಿನಸಿ ಕೊಡಿಸುವುದು, ದುಡ್ಡು ಇಸಿದುಕೊಳ್ಳುವುದು. ಯಾರದೋ ಮನೆಗೆ ಸೋಫಾ ಬೇಕೆಂದರೆ ಅಂಗಡಿಯಲ್ಲಿ ನಾವೂ ಹಾಜರು. ಒಂದು ಸಲ ಹಿಂದಿರುಗುವಾಗ ಕಾಲು ಊದಿ, ತಲೆ ಸಿಡಿದು, ರೇಗಿಬಿಟ್ಟೆ.

"ಸಾಕು ಮಾಡಿ ರೀ, ನಾಚಿಕೆ ಆಗುತ್ತೆ ನಂಗೆ."

"ನಿಮ್ಮಮ್ಮ ಬರ್ಬೇಕೋ ಬೇಡ್ವೋ?" ಎಂದರು.

ಅಂತೂ ಸೀಟು ಸಿಕ್ಕಿತು. ಅದು ಹೇಗೆ ಹಾಸಿಗೆಯಾಗುತ್ತದೆ ಎಂದು ಇವರು ಫೋನಿನಲ್ಲಿ ಅಮ್ಮನಿಗೆ ಪಾಠ ಮಾಡಿದ್ದೇ ಮಾಡಿದ್ದು.

ಡ್ಯಾಲಸ್ ಏರ್‌ಪೋರ್ಟಿನಲ್ಲಿ ಅಮ್ಮ ಗಾಲಿಕುರ್ಚಿಯಲ್ಲಿ ಬಂದಳು. ಮುಖ ಬಿಳಿಚಿಕೊಂಡಿತ್ತು. ಇವರು ಚೀಲ ತೆಗೆದುಕೊಳ್ಳುವ ಮೊದಲೇ ಕೇಳಿದರು, "ಚೆನ್ನಾಗಿ ಮಲಗಿದ್ರಾ ಅತ್ತೆ?"

ಅಮ್ಮ ನನ್ನ ಮುಖ ನೋಡಿದಳು. "ಹೆಂಗೆ ಮಲಗ್ಲಪ್ಪಾ? ಪಕ್ಕದಲ್ಲಿ ಯಾರೋ ಗಂಡಸರು. ಅಷ್ಟು ಜನದ ಎದುರಿಗೆ ಕಾಲು ಚಾಚ್ಕೊಂಡು... ಆ ವಿಮಾನದ ಹುಡುಗಿ ಪಾಪ, ಹಾಸಿ ಕೊಡ್ತೀನಿ ಅಂತ ಬಂದ್ಲು. ಬೇಡಮ್ಮಾ ಅಂದೆ. ಕೂತೇ ಬಂದೆ." ಆಮೇಲೆ ಅಳಿಯನನ್ನು ಸಮಾಧಾನಪಡಿಸುವವಳಂತೆ, "ಸೀಟು ಮಾತ್ರ ಬಹಳ ಚೆನ್ನಾಗಿತ್ತು" ಎಂದಳು.

ಇವರು ಚೀಲ ಎತ್ತಿಕೊಂಡರು. ನನಗೆ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ಅವಳು ಕುರ್ಚಿಯಿಂದ ಏಳಲಾರದೆ ನನ್ನ ಹೆಗಲು ಹಿಡಿದಾಗ ಅಳು ಬಂತು.

ಬಾಣಂತನಕ್ಕೆ ಬಂದವಳು ಬಂದ ವಾರವೆಲ್ಲ ಮಲಗಿಯೇ ಇದ್ದಳು. ತುಂಬಿದ ಬಸುರಿ ನಾನು ಬಿಸಿನೀರಿನ ಚೀಲ ಹೊತ್ತು ತಿರುಗುತ್ತಿದ್ದೆ. ಒಂದು ಮಧ್ಯಾಹ್ನ ಅದನ್ನು ಅವಳ ಬೆನ್ನಿಗೆ ಒತ್ತುತ್ತಾ ಕೇಳಿದೆ, "ಪಕ್ಕದಲ್ಲಿ ನಾನಿದ್ದಿದ್ರೆ ಮಲಗ್ತಿದ್ದೆಯೇನಮ್ಮಾ?"

"ನೀನಿದ್ರೆ ನಂಗೇನೇ ಸಂಕೋಚ? ಸೆರಗು ಹೊದ್ದು ಆರಾಮಾಗಿ ಮಲಗಿರ್ತಿದ್ದೆ."

ಬಾಗಿಲಲ್ಲಿದ್ದ ಇವರಿಗೆ ಅದು ಕೇಳಿಸಿತು. ಒಳಗೆ ಬಂದು, "ಹಾಗಾದ್ರೆ ವಾಪಸ್ ಹೋಗೋವಾಗ ನೀನೂ ಮಗುನೂ ಜೊತೇಲಿ ಹೋಗಿ. ಎರಡು ಸೀಟು ಬೇಕು. ನಿನ್ನ ಹೆಸರಲ್ಲೂ ಒಂದು ಕಾರ್ಡ್ ತೆಗೀಬೇಕಾಗುತ್ತೆ" ಎಂದರು.

ಮತ್ತೆ ಆ ಹೋಟೆಲುಗಳು, ಆ ಸೋಫಾಗಳು, ಆ ಹೆದ್ದಾರಿ. ಬೈಯಲು ಬಾಯಿ ತೆರೆದೆ. ಅಮ್ಮ ಕಣ್ಣು ಮುಚ್ಚಿ, ನನ್ನ ಕಡೆಗೆ ಕಾಲು ಚಾಚಿ ಮಲಗಿದ್ದಳು.

"ತೆಗೀರಿ," ಎಂದೆ.