ಸುತ್ತು ಸುತ್ತಾಗಿ ಒರೆಸಿದ ಕಾರು

ಹೊಸ ಕಾರಿನ ಮೇಲೆ ಕೂರುವ ಹುಮನಾಬಾದ್ ರಸ್ತೆಯ ಧೂಳನ್ನು ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬೆಂಚು ಒರೆಸಲು ಕಲಿಸಿದ ಹಾಗೆ, ಸುತ್ತು ಸುತ್ತಾಗಿ, ಒತ್ತಿ. ಭುಜ ಸೋತುಹೋಗಿತ್ತು.

ಘಾಟಬೋರಾಳದಿಂದ ಬಂದ ನಾದಿನಿ ಕಾರಿನ ಬಾಗಿಲಿಗೆ ಒರಗಿದಾಗ ತಡೆಯಲಾಗಲಿಲ್ಲ. "ಸರದು ನಿಂದ್ರವ್ವ, ಗೀರು ಬೀಳ್ತಾವ," ಎಂದುಬಿಟ್ಟೆ.

"ಇದೇನ್ ಹಪ್ಪಳ ಏನ್ರಿ ವೈನಿ, ಮುಟ್ಟಿದ್ರ ಮುರಿಯಾಕ?" ಎಂದು ನಕ್ಕಳು. ಆದರೆ ಚಹಾ ಕುಡಿಯದೆ ಬಸ್ಸಿಗೆ ಹೊರಟಳು.

ಮರುದಿನ ಬಿಸಿಲಿನಲ್ಲಿ ನೋಡಿದರೆ ಅವಳು ಒರಗಿದ್ದಲ್ಲಿ ಏನೂ ಇರಲಿಲ್ಲ. ಬಾನೆಟ್ಟಿನ ತುಂಬ ಮಾತ್ರ ಕೂದಲೆಳೆಯಂಥ ಗೀರುಗಳು, ಸುತ್ತು ಸುತ್ತಾಗಿ. ನೀರು ಸುರಿದು ತೊಳೆಯದೆ ಧೂಳಿನ ಮೇಲೆಯೇ ಉಜ್ಜಿದವಳು ನಾನು.

ಬಟ್ಟೆ ಕೆಳಗಿಟ್ಟು ಅವಳಿಗೆ ಫೋನ್ ಮಾಡಿದೆ. "ಗೀರು ನಾನೇ ಹಾಕೀನವ್ವ. ನೀ ಬಾ."

"ಬರ್ತೀನ್ರಿ ವೈನಿ. ಈ ಸಲ ಎಲ್ಲಿ ನಿಂದ್ರಲಿ?"