ಯಲಬುರ್ಗಿಯ ಗಾಜಿನ ಮೀನು

ಬೆಳಿಗ್ಗೆ ಕಿಟಕಿಗೆ ತೂಗುಬಿಟ್ಟ ಗಾಜಿನ ಜೆಲ್ಲಿಮೀನಿನ ಧೂಳು ಒರೆಸುತ್ತಿದ್ದೆ. ಬಿಚ್ಚಿದ ಕೊಡೆಯಂಥ ತಲೆ, ಕೆಳಗೆ ಶಾವಿಗೆಯಂಥ ಎಳೆಗಳು. ನಮ್ಮ ಕುಷ್ಟಗಿಯ ಧೂಳಿಗೆ ಸಮುದ್ರದ ಮರ್ಯಾದೆ ಎಲ್ಲಿ ಗೊತ್ತು? ಒರೆಸುತ್ತ, ಕೆಲವು ವರ್ಷಗಳ ಹಿಂದೆ ತಮ್ಮನಿಗೆ ಕನ್ಯೆ ನೋಡಲು ಹೋದ ದಿನ ನೆನಪಾಯಿತು. ಹೇಳುತ್ತೇನೆ ಕೇಳಿ.

ನಾನು ಹುಟ್ಟಾ ಅನುಮಾನದ ಹೆಂಗಸು. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಅಂದುಕೊಳ್ಳುವವಳು. ತಾಯಿಯಿಲ್ಲದ ತಮ್ಮ ಬಸುವನ್ನು ಸಾಕಿದ್ದೂ ಹಾಗೆಯೇ, ಕಣ್ಣಲ್ಲಿ ಕಣ್ಣಿಟ್ಟು. ಅವನು ನನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂಬುದೊಂದೇ ನನ್ನ ಬಾಳಿನ ನಂಬಿಕೆ.

ಯಲಬುರ್ಗಿಯ ಬಸ್ಸಿನಲ್ಲಿ, "ಅವರ ಓಣಿ ಎಲ್ಲೈತೋ ನನಗ ಗೊತ್ತಿಲ್ಲಕ್ಕಾ" ಎಂದ ಬಸು. ಹುಡುಗಿಯ ಅಪ್ಪ ಕಾಲೇಜುಗಳ ಪ್ರಯೋಗಾಲಯಕ್ಕೆ ಗಾಜಿನ ನಳಿಕೆ ಊದಿಕೊಡುವವರು. ಹುಡುಗಿ ಗಿರಿಜೆ ಸಮುದ್ರದ ಜೀವಿಗಳನ್ನು ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಗಾಜಿನಲ್ಲಿ ಊದುತ್ತಾಳಂತೆ. ಅವರ ಮನೆಯ ಗೋಡೆ ತುಂಬ ಚಿತ್ರಗಳು, ಕಪಾಟಿನ ತುಂಬ ಗಾಜಿನ ಶಂಖ, ನಕ್ಷತ್ರಮೀನು.

"ಸಮುದ್ರ ಕಂಡೀಯೇನು?" ಎಂದೆ.

"ಇಲ್ರಿ. ಮೊಬೈಲಿನ್ಯಾಗ ನೋಡೀನಿ."

ಸರಿ, ಮುಂಬೈಯಿಂದ ಕೊಂಡು ತಂದು ಜೋಡಿಸಿದ್ದಾರೆ ಅನ್ನಿಸಿತು. ಕನ್ಯೆಗೆ ನಡೆದು ತೋರಿಸು, ಹಾಡು ಹೇಳು ಅನ್ನುವುದು ನಮ್ಮಲ್ಲಿ ರೂಢಿ. ನಾನು, "ಒಂದು ಊದಿ ತೋರಸವಾ" ಎಂದೆ.

ಅವಳು ಉರಿಯ ಮುಂದೆ ಕೂತಳು. ನಳಿಕೆಯ ತುದಿ ಕೆಂಪಾಗಿ ಗುಳ್ಳೆ ಎದ್ದಿತು. "ತಿರುವೂದು ನಿಲ್ಲಿಸಿದ್ರ ಗಾಜು ಜೋತು ಬೀಳ್ತೈತ್ರಿ. ಈ ಹದ ಕೈಗೆ ಬರಾಕ ತಿಂಗಳುಗಟ್ಟಲೆ ಬೇಕು" ಎಂದರು ಅವಳಪ್ಪ. ಅಷ್ಟರಲ್ಲಿ ಗಿರಿಜೆಗೆ ಕೆಮ್ಮು ಬಂತು. ಬಸು ತಟ್ಟನೆ ಎದ್ದು ನಳಿಕೆ ಹಿಡಿದ. ಬೆರಳ ನಡುವೆ ತಿರುವುತ್ತ, ಮೆಲ್ಲಗೆ ಊದುತ್ತ, ಜೆಲ್ಲಿಮೀನಿನ ಕೊಡೆಯನ್ನು ಅರಳಿಸಿಯೇಬಿಟ್ಟ. ಎಲ್ಲಿಯೂ ಜೋಲಲಿಲ್ಲ.

ಅಪ್ಪ ನೆಲ ನೋಡತೊಡಗಿದರು. ಭಾನುವಾರ ಬಂದರೆ ಸಾಕು, ಇರಕಲ್ಲಗಡದ ಗೆಳೆಯನ ಮನೆಗೆಂದು ಹೇಳಿ ಇವನು ಬಸ್ಸು ಹತ್ತುತ್ತಿದ್ದದ್ದು ನೆನಪಾಯಿತು. ಆ ಮನೆಗೆ ಹೊಸಬಳು ನಾನೊಬ್ಬಳೇ.

"ಓಣಿ ಗೊತ್ತಿಲ್ಲಂದಿ. ಕೈಗೆ ಗೊತ್ತೈತಿ ನೋಡು" ಎಂದೆ. ಇಷ್ಟು ದಿನ ಮುಚ್ಚಿಟ್ಟನಲ್ಲ ಎಂದು ಸಿಟ್ಟು ಬಂದಿತ್ತು. ಆದರೂ ಹುಡುಗಿ ಒಪ್ಪಿಗೆ ಎಂದು ಹೇಳಿದೆ. ಬೇರೇನು ಹೇಳಲಿ? ಬಸು, ಗಿರಿಜೆ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಇಷ್ಟು ವರ್ಷ ಕೇಳದ ಮಾತನ್ನು ಇವತ್ತು, ಚಹಾ ಸೋಸುತ್ತಿದ್ದ ಗಿರಿಜೆಯನ್ನು ಕೇಳಿಯೇಬಿಟ್ಟೆ. "ಮೊದಲಽ ನನಗ ಹೇಳಿದ್ರ ನಾ ಏನ್ ಬ್ಯಾಡ ಅಂತಿದ್ನೇನವಾ?"

ಅವಳು ತಲೆಯೆತ್ತದೆ, "ಅಂತಿದ್ರಿ ಅಕ್ಕಾರ" ಎಂದಳು.

ಅಂತಿದ್ದೆ.