ತುಳಸಿ ಇಟ್ಟು ಕೊಟ್ಟ ಕ್ರಿಪ್ಟೊ

ಕಾಶಿಯ ನಮ್ಮ ಹನುಮಾನ್ ಘಾಟಿನ ಪುರೋಹಿತರಾದ ವೇದವ್ಯಾಸಾಚಾರ್ಯರು ಸಂಕಲ್ಪಕ್ಕೆ ಬಾಯಿ ತೆರೆದರೆ ಗಂಗೆಯ ಆಚೆ ದಡದ ಎಮ್ಮೆಗಳೂ ಎದ್ದು ನಿಂತು ಗೋತ್ರ ಹೇಳುತ್ತಿದ್ದವು. ಅಂಥ ಕಂಠ ಈಚೆಗೆ ಮೊಬೈಲಿಗೆ ಬಂದ ಒಂದು ಸಂದೇಶಕ್ಕೆ ಕಟ್ಟಿಹೋಯಿತು. ತೆರಿಗೆಯವರು ಕೇಳಿದ್ದರು: ನಿಮ್ಮ ಖಾತೆಯಲ್ಲಿರುವ ಕ್ರಿಪ್ಟೊ ಎಲ್ಲಿಂದ ಬಂತು?

ಬಂದದ್ದು ಹೀಗೆ. ಹಿಂದೊಮ್ಮೆ ಅಪ್ಪನ ಶ್ರಾದ್ಧಕ್ಕೆಂದು ಬಂದ ದಾವಣಗೆರೆಯ ರೋಹಿತ, ಆಚಾರ್ಯರ ಫೋನಿನಲ್ಲೇ ಅವರ ಆಧಾರ್, ಪ್ಯಾನ್ ಹಾಕಿ ಕ್ರಿಪ್ಟೊ ಎಂಬ ಕಣ್ಣಿಗೆ ಕಾಣದ ದುಡ್ಡಿನ ಖಾತೆ ತೆರೆದ. ಅದರೊಳಗೆ ಏನನ್ನೋ ತುಂಬಿ, ಫೋನಿನ ಮೇಲೆ ತುಳಸಿ ಇಟ್ಟು, "ಗುಪ್ತದಾನ, ಆಚಾರ್ರೇ" ಎಂದು ಕೈಗಿತ್ತ. ಕಾಶಿಯಲ್ಲಿ ಲಡ್ಡುವಿನೊಳಗೆ ನಾಣ್ಯ ಅಡಗಿಸಿ ಕೊಡುವವರುಂಟು. ತೆಗೆದುಕೊಂಡವರು ಕೊಟ್ಟವರ ಹೆಸರೆತ್ತಬಾರದು, ಎತ್ತಿದರೆ ಪುಣ್ಯ ಕೆಟ್ಟಿತು. ಇದೂ ಒಂದು ಬಗೆಯ ಲಡ್ಡು ಎಂದುಕೊಂಡು ಆಚಾರ್ಯರು ತೆಗೆದುಕೊಂಡಿದ್ದರು.

ಈಗ ಅವರ ಎದೆಬಡಿತ ಕೇಳಿ ನಾವಿಕರು ಮೋಟಾರ್ ಬೋಟ್ ಬಂತೆಂದು ದಾರಿ ಬಿಡತೊಡಗಿದರು.

ಪಕ್ಕದ ಸೋನಾರ್‌ಪುರದಲ್ಲಿ ಲೆಕ್ಕಪತ್ರ ನೋಡುವ ರೇಖಾ ಹಿಂದಿಯಲ್ಲಿ ಬಿಡಿಸಿ ಹೇಳಿದಳು: "ಪಂಡಿತ್‌ಜಿ, ತೆರಿಗೆ ಕಟ್ಟಿದ ಮಾತ್ರಕ್ಕೆ ಮುಗಿಯಲ್ಲ. ಕೊಟ್ಟವರ ಹೆಸರು ಬೇಕು. ಇಲ್ಲದಿದ್ದರೆ ನಿಮ್ಮದೇ ಕಪ್ಪುಹಣ ಅಂತಾರೆ."

"ಹೆಸರು ಹೇಳಿದರೆ ಅವನ ಅಪ್ಪನಿಗೆ ಮುಟ್ಟಿದ ಪುಣ್ಯ ಹೋಗತ್ತಮ್ಮ!"

"ಹೇಳದಿದ್ದರೆ ವಿಚಾರಣೆಗೆ ನೀವು ಹೋಗ್ತೀರಿ."

ಮನೆಯಲ್ಲಿ ಹೆಂಡತಿ ಸರಸ್ವತಮ್ಮ ಸುಮ್ಮನಿರಲಿಲ್ಲ. "ಜೈಲಲ್ಲಿ ಮಡಿ ನಡೆಯತ್ತೇನ್ರೀ? ಆ ಹುಡುಗನ್ನೇ ಕೇಳಿ. ಅವನೇ ಹೂಂ ಅಂದರೆ ದೋಷ ಎಲ್ಲಿದೆ?"

ಆಚಾರ್ಯರು ಮೂರು ಸಲ ಆಚಮನ ಮಾಡಿ ಫೋನ್ ಹಚ್ಚಿದರು.

"ಅಯ್ಯೋ, ನನ್ನ ಹೆಸರು ಮಾತ್ರ ಹೇಳಬೇಡಿ!" ಎಂದ ರೋಹಿತ. "ತೆರಿಗೆಯವರ ಕಣ್ಣಿಗೆ ಬೀಳಬಾರದು ಅಂತಲೇ ನಿಮ್ಮಲ್ಲಿ ಇಟ್ಟದ್ದು. ಗಲಾಟೆ ತಣ್ಣಗಾದ ಮೇಲೆ ಮುಕ್ಕಾಲು ಪಾಲು ವಾಪಸ್ ಕಳಿಸಿ ಅನ್ನೋಣ ಅಂತಿದ್ದೆ."

"ಹಾಗಾದರೆ ಅದು ದಾನ ಅಲ್ಲ?"

"ಕಾಲು ಪಾಲು ದಾನವೇ, ಆಚಾರ್ರೇ..."

ಫೋನ್ ಇಟ್ಟ ಆಚಾರ್ಯರು ಚಪ್ಪಲಿ ಮರೆತು ಬರಿಗಾಲಲ್ಲೇ ಸೋನಾರ್‌ಪುರಕ್ಕೆ ನಡೆದರು.

"ಬರಕೋ ತಾಯಿ. ರೋಹಿತ, ಕಾಶ್ಯಪ ಗೋತ್ರ, ರೇವತೀ ನಕ್ಷತ್ರ..."

"ಗೋತ್ರ ಬೇಡ ಪಂಡಿತ್‌ಜಿ, ಫೋನ್ ನಂಬರ್ ಹೇಳಿ."

ಹೇಳಿದರು. ಆದರೆ ಕುರ್ಚಿಯಿಂದ ಏಳಲಿಲ್ಲ.

"ಮಗ ಕೊಟ್ಟದ್ದು ದಾನವಲ್ಲ ಅಂದಮೇಲೆ, ಆ ಅಪ್ಪನಿಗೆ ನಾನು ಮಾಡಿಸಿದ ಶ್ರಾದ್ಧ ಸೇರಿತೋ ಇಲ್ಲವೋ?"

ರೇಖಾ ಕೀಲಿಮಣೆಯಿಂದ ಕೈ ತೆಗೆದಳು. "ಅದು ನಮ್ಮ ಕಾನೂನಿನಲ್ಲಿ ಬರಲ್ಲ, ಪಂಡಿತ್‌ಜಿ."